ಅಂಬುಜಾಳ ಎದೆಯೊಳಗಿನ ಕವಾಟ

ನಾನು ಒಂದು ಕವಾಟ. ಮನೆಯ ಬಾಗಿಲಿನದಲ್ಲ, ಹೃದಯದ್ದು. ನಾಣ್ಯದಗಲದ ಒಂದು ಬಳೆ, ಬಳೆಯೊಳಗೆ ಅರ್ಧಚಂದ್ರದಂಥ ಎರಡು ಕಪ್ಪು ರೆಕ್ಕೆ, ಸುತ್ತಲೂ ಬಿಳಿ ಬಟ್ಟೆಯ ಅಂಚು. ಇಷ್ಟೇ ನಾನು. ರಕ್ತ ಬಂದಾಗ ರೆಕ್ಕೆ ತೆರೆಯಬೇಕು, ಅದು ದಾಟಿದ ಮೇಲೆ ಮುಚ್ಚಬೇಕು, ಹಿಂದಕ್ಕೆ ಬಿಡಬಾರದು. ಬೇರೆ ವಿದ್ಯೆ ನನಗೆ ಬಾರದು.

ನಾನು ಹುಟ್ಟಿದ್ದು ದೂರದ ಕಾರ್ಖಾನೆಯೊಂದರ ಧೂಳಿಲ್ಲದ ಕೋಣೆಯಲ್ಲಿ. ನನ್ನ ಬಟ್ಟೆಯ ಅಂಚನ್ನು ಕೈಯಿಂದ ಹೊಲಿದವಳ ಕಣ್ಣುಗಳನ್ನಷ್ಟೇ ನಾನು ಕಂಡಿದ್ದೇನೆ. ಉಳಿದ ಮುಖವೆಲ್ಲ ಮುಸುಕಿನೊಳಗಿತ್ತು. ಒಂದು ಹೊಲಿಗೆ ಓರೆಯಾಯಿತೆಂದು ಅವಳು ಅರ್ಧ ದಿನದ ಕೆಲಸವನ್ನೆಲ್ಲ ಬಿಚ್ಚಿ ಮತ್ತೆ ಮೊದಲಿನಿಂದ ಹೊಲಿದಳು. ಆಮೇಲೆ ನನ್ನನ್ನು ಉಪ್ಪುನೀರಿನ ಕೊಳವೆಯೊಂದರಲ್ಲಿಟ್ಟು ಪರೀಕ್ಷೆ ಮಾಡಿದರು. ನೀರು ಬಂತು, ಹೋಯಿತು, ಬಂತು, ಹೋಯಿತು. ಎಷ್ಟೋ ಸಲ ತೆರೆದು ಮುಚ್ಚಿದ ಮೇಲೆ ಜೋಂಪು ಹತ್ತಿದಂತಾಗಿ, ನಾನು ಯಾವುದೋ ದೊಡ್ಡ ನದಿಯ ಬಾಗಿಲಲ್ಲಿ ನಿಂತ ಹಾಗೆ ಕನಸು ಕಂಡೆ. ಎಚ್ಚರವಾದಾಗ ಪಾರದರ್ಶಕ ಡಬ್ಬಿಯೊಂದರಲ್ಲಿ ಒಣಗಿ ಕುಳಿತಿದ್ದೆ.

ಡಬ್ಬಿ ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಗೆ ಬಂತು. ಅಲ್ಲಿಯ ಸ್ಟೋರು ನೋಡಿಕೊಳ್ಳುತ್ತಿದ್ದವರು ಗುರುಪಾದಯ್ಯ. ಅವರ ಕಿಟಕಿಯ ಪಕ್ಕದಲ್ಲೇ ಹಣ ಕಟ್ಟುವ ಕೌಂಟರು. ಹೀಗಾಗಿ ಕಪಾಟಿನಲ್ಲಿ ಕುಳಿತೇ ನಾನು ಊರವರ ಮಾತು ಕೇಳುತ್ತಿದ್ದೆ. ಅಲ್ಲಿ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ.

ಮೊದಲು ನನ್ನನ್ನು ಗೊತ್ತುಮಾಡಿದ್ದು ಬಾಬುಸಾಬ ಎಂಬ ಲಾರಿ ಚಾಲಕನಿಗೆ. ಆಪರೇಷನ್ನಿನ ಹಿಂದಿನ ದಿನ ಗುರುಪಾದಯ್ಯ ನನ್ನನ್ನು ಇಳಿಸಿ ಮೇಜಿನ ಮೇಲಿಟ್ಟರು. ಆದರೆ ವಿಮೆ ಕಂಪನಿಯ ಒಪ್ಪಿಗೆ ಬರಲಿಲ್ಲ. ಬಾಬುಸಾಬ ಕಿಟಕಿಯ ಹತ್ತಿರ ಬಂದು, “ಇರ್ಲಿ ಬಿಡ್ರಿ ಅಯ್ಯಾರ. ಒಂದೆರಡು ಟ್ರಿಪ್ ಹೊಡಕೊಂಡು ರೊಕ್ಕ ಮಾಡ್ಕೊಂಡ ಬರ್ತೀನಿ. ಅದನ್ನ ನನಗಂತಽ ಇಟ್ಟಿರ್ರಿ,” ಅಂದ. ಅವನ ಉಸಿರು ಮಾತಿಗಿಂತ ಜೋರಾಗಿ ಕೇಳುತ್ತಿತ್ತು. ಗುರುಪಾದಯ್ಯ ಹ್ಞೂಂ ಅಂದರು. ಅವನು ತಿರುಗಿ ಬರಲಿಲ್ಲ. ಕಪಾಟು ಒರೆಸುವಾಗಲೆಲ್ಲ ಅವರು ನನ್ನನ್ನು ಎತ್ತಿ ಒಂದು ಗಳಿಗೆ ಹಿಡಿದುಕೊಂಡು ಮತ್ತೆ ಅಲ್ಲೇ ಇಡುತ್ತಿದ್ದರು. ನನ್ನ ಡಬ್ಬಿಯ ಮೇಲಿನ ಗಡುವು ಹತ್ತಿರವಾಗುತ್ತಿತ್ತು.

ಆಗ ಬಂದವಳು ಅಂಬುಜಾ ಪತ್ತಾರ. ಬೆಟಗೇರಿಯವಳು, ಮೂವತ್ತಾರರ ಹರೆಯ. ಗಂಡ ಮೌನೇಶ ಅಕ್ಕಸಾಲಿಗ. ಅವಳ ಕೆಲಸ, ಮನೆಮನೆಗೆ ಹೋಗಿ ಆರೋಗ್ಯ ವಿಮೆ ಮಾಡಿಸುವುದು. ಎರಡು ಮಹಡಿ ಹತ್ತಿದರೆ ಉಸಿರು ಕಟ್ಟುತ್ತದೆ ಎಂದು ಪರೀಕ್ಷೆಗೆ ಬಂದಿದ್ದಳು. ಅವಳ ಹೃದಯದ ಕವಾಟವೊಂದು ಕೆಟ್ಟಿತ್ತು. ವೈದ್ಯರು ಕೇಳಿದರು, ಸಣ್ಣವಳಿದ್ದಾಗ ಕವಾಟ ಕೆಡಿಸುವ ಕೀಲುಬಾವಿನ ಜ್ವರ ಬಂದಿತ್ತೇ? ಬಂದಿತ್ತು, ನಾಲ್ಕು ವರ್ಷ ತಿಂಗಳಿಗೊಮ್ಮೆ ಇಂಜೆಕ್ಷನ್ ತಗೊಂಡಿದ್ದೆ ಎಂದು ಅವಳು ಇದ್ದದ್ದನ್ನೇ ಹೇಳಿದಳು. ಆ ಮಾತು ಕಾಗದಕ್ಕೆ ಇಳಿಯಿತು, ಕಾಗದ ವಿಮೆ ಕಂಪನಿಗೆ ಹೋಯಿತು. ಆರು ವರ್ಷದ ಹಿಂದೆ ತನ್ನ ಪಾಲಿಸಿ ಅರ್ಜಿಯಲ್ಲಿ “ಹಿಂದೆ ಯಾವುದಾದರೂ ಕಾಯಿಲೆ ಇತ್ತೇ?” ಎಂಬ ಸಾಲಿನ ಮುಂದೆ ಅವಳೇ “ಇಲ್ಲ” ಎಂದು ಗುರುತು ಹಾಕಿದ್ದಳು. ಕಂಪನಿ ಬಿಡಿಗಾಸೂ ಕೊಡುವುದಿಲ್ಲವೆಂದು ಬರೆಯಿತು.

ಒಂಬತ್ತು ದಿನಗಳ ಮೇಲೆ ಮೌನೇಶ ಸ್ಟೋರಿನ ಕಿಟಕಿಗೆ ಬಂದ. ನನ್ನನ್ನು ತೋರಿಸಿ ಸಹಿ ಹಾಕಿಸಿಕೊಳ್ಳುವುದು ಅಲ್ಲಿಯ ಪದ್ಧತಿ.

“ಇಷ್ಟಽ ಏನ್ರಿ?” ಅಂದ.

“ಇಷ್ಟಽ ರೀ,” ಅಂದರು ಗುರುಪಾದಯ್ಯ.

ಅವನು ಡಬ್ಬಿಯನ್ನು ಅಂಗೈ ಮೇಲಿಟ್ಟುಕೊಂಡು ತೂಗಿ ನೋಡಿದ. ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ನನ್ನನ್ನು ಸುತ್ತಲೂ ನೋಡಿದ. ಡಬ್ಬಿ ಸೇರಿದ ಮೇಲೆ ಅಷ್ಟು ಹೊತ್ತು ನನ್ನನ್ನು ಯಾರೂ ನೋಡಿರಲಿಲ್ಲ.

“ಬಂಗಾರಕ್ಕಿಂತ ತುಟ್ಟಿ ಆತ್ರಿ ಇದು. ಆದ್ರ ಕೆಲಸ ಚಲೋ ಐತಿ. ಯಾರೋ ಮನಸ್ಸಿಟ್ಟು ಮಾಡ್ಯಾರ,” ಎಂದು ಸಹಿ ಹಾಕಿದ.

ಮರುದಿನ ಬೆಳಿಗ್ಗೆ ನನ್ನ ಡಬ್ಬಿ ತೆರೆಯಿತು. ಬಿಳಿಯ ದೊಡ್ಡ ಬೆಳಕು, ಅದರ ಕೆಳಗೆ ಸುಮ್ಮನಾಗಿ ಮಲಗಿದ ಒಂದು ಹೃದಯ. ಒಂದೊಂದೇ ದಾರದಿಂದ ನನ್ನನ್ನು ಅದರೊಳಗೆ ಇಳಿಸಿ ಗಂಟು ಹಾಕಿದರು. ನಾನು ಕಂಡ ಕೊನೆಯ ಬೆಳಕು ಅದು. ಗೋಡೆ ಮುಚ್ಚಿತು. ತಣ್ಣಗಿನ ಕತ್ತಲಲ್ಲಿ ಕಾದೆ. ಆಮೇಲೆ ಎಲ್ಲಿಂದಲೋ ಬೆಚ್ಚಗಿನ ಪ್ರವಾಹವೊಂದು ನುಗ್ಗಿ ಬಂತು. ಹೃದಯ ಒಮ್ಮೆ ನಡುಗಿತು, ತಡೆಯಿತು, ಮತ್ತೆ ಹೊರಳಿತು. ನಾನು ರೆಕ್ಕೆ ತೆರೆದೆ.

ಅಂದಿನಿಂದ ನಾನು ಕೆಂಪು ಕತ್ತಲಲ್ಲಿ ಇದ್ದೇನೆ. ಇಲ್ಲಿ ಹಗಲು ರಾತ್ರಿಗಳಿಲ್ಲ. ಅವಳು ಮೆಟ್ಟಿಲು ಹತ್ತಿದರೆ ಹೊಳೆ ಉಕ್ಕುತ್ತದೆ, ಕುಳಿತು ಹೂಬತ್ತಿ ಹೊಸೆದರೆ ಹೊಳೆ ಮೆಲ್ಲಗೆ ಹರಿಯುತ್ತದೆ. ಹೊರಗಿನ ಮಾತುಗಳು ಪಕ್ಕೆಲುಬು ದಾಟಿ, ನೀರಿನಡಿಯಿಂದ ಕೇಳಿದಂತೆ ಬರುತ್ತವೆ. ಅವಳ ಅತ್ತೆ ಕಾಳಮ್ಮನ ದನಿ ಒಣ ಸೌದೆಯಂತೆ. ಮಗಳು ಪ್ರಭಾಳ ದನಿ ತೆಳ್ಳಗೆ. ಹತ್ತಿರದಲ್ಲಿ, ಮುಂಗಟ್ಟಿನಲ್ಲಿ, ಮೌನೇಶನ ಸಣ್ಣ ಸುತ್ತಿಗೆ. ಮನೆಯಲ್ಲಿ ಸದ್ದಡಗಿದಾಗ ನನ್ನ ಟಿಕ್ ಟಿಕ್ ಎಲ್ಲರಿಗೂ ಕೇಳುತ್ತಿತ್ತು. ಪ್ರಭಾ ಅದಕ್ಕೆ ಸರಿಯಾಗಿ ಕಾಲು ಕುಣಿಸುತ್ತ ಮಗ್ಗಿ ಬಾಯಿಪಾಠ ಮಾಡುತ್ತಿದ್ದಳು.

ನನ್ನ ಬೆಲೆ ಎಲ್ಲಿಂದ ಬಂತೆಂಬುದು ಆ ಮನೆಯ ಮಾತುಗಳಿಂದಲೇ ತಿಳಿಯಿತು. ಮನೆ ಕಟ್ಟಲು ತೆಗೆದುಕೊಂಡಿದ್ದ ಜಾಗ ಮಾರಿಹೋಗಿತ್ತು. ಸಾಲದ್ದಕ್ಕೆ ಕಾಳಮ್ಮ ತನ್ನ ತೋಳಬಂದಿಯನ್ನು ಬಿಚ್ಚಿಕೊಟ್ಟಿದ್ದಳು. ಅದು ಅವಳ ಗಂಡ, ಮೌನೇಶನಿಗೆ ಕೆಲಸ ಕಲಿಸಿದ ತಂದೆ, ತನ್ನ ಕೈಯಾರೆ ಮಾಡಿದ್ದು. ಮೌನೇಶ ಅದನ್ನು ಮೂಸೆಯಲ್ಲಿಟ್ಟು ಕರಗಿಸಲಾರದೆ ಕುಳಿತಿದ್ದನಂತೆ. “ಅವರಿದ್ದಿದ್ರ ತಾವಽ ಕರಗಸ್ತಿದ್ರು. ಹಚ್ಚು ಬೆಂಕಿ,” ಅಂದಳಂತೆ ಕಾಳಮ್ಮ.

ಈ ಕಥೆಯನ್ನು ಕಾಳಮ್ಮ ಪಕ್ಕದ ಮನೆಯವರಿಗೆ ಹೇಳುತ್ತಿದ್ದಾಗ ಅಂಬುಜಾ ಒಳಗೆ ಅಕ್ಕಿ ಆರಿಸುತ್ತಿದ್ದಳು. ಹೃದಯ ಒಮ್ಮೆಲೇ ಬಿಗಿಯಿತು. ಅವಳು ಮೊರ ಕೆಳಗಿಟ್ಟು, ತನ್ನ ಗಿರಾಕಿಗಳ ಹೆಸರಿದ್ದ ವಹಿ ತೆಗೆದಳು. ಪುಟ ತಿರುವುವ ಸದ್ದು ಬಹಳ ಹೊತ್ತು ಕೇಳಿತು.

ಸಂಜೆ ಗಂಡನಿಗೆ ಹೇಳಿದಳು: “ಅರವತ್ತೊಂದು ಮನಿ ಅದಾವ್ರಿ. ಎಲ್ಲಾರ ಫಾರ್ಮೂ ನಾನಽ ತುಂಬೀನಿ. ಕಾಯಿಲಿ ಅನ್ನೋ ಸಾಲು ಬಂದ ಕೂಡ್ಲೆ ಕೇಳದಽನ ‘ಇಲ್ಲ’ ಅಂತ ಹೊಡದೀನಿ. ಹೌದು ಅಂತ ಹಾಕಿದ್ರ ಕಂಪನಿ ತಡಾ ಮಾಡ್ತೈತಿ, ಮಂದಿ ಬ್ಯಾಸತ್ತು ಬಿಟ್ಟುಬಿಡ್ತಾರ ಅಂತ.”

“ಎಲ್ಲಾ ಏಜೆಂಟ್ರೂ ಹಂಗಽ ಮಾಡ್ತಾರ,” ಅಂದ ಮೌನೇಶ.

“ನಮಗ ತೋಳಬಂದಿ ಇತ್ತು. ಅವರಿಗೆ ಏನೈತಿ?”

ಅವನು ಸುತ್ತಿಗೆ ಕೆಳಗಿಟ್ಟ. “ಬಿಸಲಾಗ ಅಡ್ಯಾಡಬ್ಯಾಡ. ಮುಂಜಾನೆ ಹೋಗು,” ಅಂದ.

ಅವಳು ಒಂದೊಂದೇ ಮನೆಗೆ ಹೋದಳು. ಪ್ರತಿ ಬಾಗಿಲ ಮುಂದೆ ನಿಂತಾಗಲೂ ನನ್ನ ರೆಕ್ಕೆಗಳು ಗಡಿಬಿಡಿಯಲ್ಲಿ ಬಡಿಯುತ್ತಿದ್ದವು. ನೇಕಾರ ಹನುಮಂತಸಾ ಮಗ್ಗ ನಿಲ್ಲಿಸಿ ಕೇಳಿಸಿಕೊಂಡ. ಅವನ ಹೆಂಡತಿ ತುಳಜಾಬಾಯಿಗೆ ಸಕ್ಕರೆ ಕಾಯಿಲೆಯಿತ್ತು. “ಈಗ ತಿದ್ದಿಸಿದ್ರ ಏನಕ್ಕೈತಿ?” ಎಂದು ಕೇಳಿದ. ಕಂತು ಹೆಚ್ಚಾಗಬಹುದು, ಮೂರು ವರ್ಷ ಕಾಯಬೇಕು, ಆಮೇಲೆ ಯಾರೂ ಹಣ ತಡೆಯಲಾರರು ಎಂದಳು. ಅವನು ಹೆಂಡತಿಯ ಕಡೆ ತಿರುಗಿ, “ತಿದ್ದಿಸೂಣೇನು?” ಅಂದ. ಅವಳು ತಲೆಯಾಡಿಸಿರಬೇಕು. ಮಗ್ಗ ಮತ್ತೆ ಶುರುವಾಯಿತು.

ಕಿರಾಣಿ ಅಂಗಡಿಯ ಮಲ್ಲೇಶಪ್ಪ ನಕ್ಕುಬಿಟ್ಟ. “ಹೊಸ ಹೃದಯ ಬಂದ ಮ್ಯಾಲೆ ಧರ್ಮ ಹೇಳಾಕ್ಹತ್ತೀಯಲ್ಲವಾ ತಂಗಿ. ಬಿಪಿ ಎಲ್ಲಾರಿಗೂ ಇರತೈತಿ. ಹಂಗಽ ಇರ್ಲಿ ಬಿಡು.” ಅವಳು ನಾಲ್ಕು ಸಲ ಹೋದಳು. ನಾಲ್ಕು ಸಲವೂ ಬೆಲ್ಲದ ಚೂರು ಕೈಗಿಟ್ಟು ಕಳಿಸಿದ.

ಕಂಪನಿಯ ಕಚೇರಿಯಲ್ಲಿ ಅಧಿಕಾರಿಯೊಬ್ಬ ತಗ್ಗಿದ ದನಿಯಲ್ಲಿ ಹೇಳಿದ: “ತಪ್ಪು ನಿಮ್ದು ಅಂತ ಬರದು ಕೊಟ್ರ ಗಿರಾಕಿಗಳದ್ದು ತಿದ್ದಾಕ ಬರತೈತ್ರಿ. ಆದ್ರ ನಿಮ್ಮ ಏಜೆನ್ಸಿ ಉಳಿಯಂಗಿಲ್ಲ. ವಿಚಾರ ಮಾಡ್ರಿ ಅಕ್ಕಾರ.” ಅವಳು ಪೆನ್ನು ಕೇಳಿದಳು. ಅವಳು ಬರೆಯುತ್ತಿದ್ದಾಗ ಹೊಳೆ ಎಷ್ಟು ಶಾಂತವಾಗಿತ್ತೆಂದರೆ, ನನಗೆ ಉಪ್ಪುನೀರಿನ ಕೊಳವೆಯ ಜೋಂಪು ಮರಳಿ ಬಂದಂತಾಯಿತು.

ಎಲ್ಲರಿಗೂ ಒಳ್ಳೆಯದೇ ಆಗಲಿಲ್ಲ. ಮೂವತ್ತೆಂಟು ಮನೆಯವರ ಅರ್ಜಿಗಳು ತಿದ್ದಲ್ಪಟ್ಟವು. ಕೆಲವರು ಬೇಡವೆಂದರು. ಆರು ಮನೆಯವರ ಪಾಲಿಸಿಯನ್ನು ಕಂಪನಿ ರದ್ದೇ ಮಾಡಿತು. ಅವರಲ್ಲೊಬ್ಬಳು, ಹೊಲಿಗೆ ಮಾಡುವ ರತ್ನವ್ವ, ಮನೆಯ ಅಂಗಳಕ್ಕೇ ಬಂದಳು. “ನಿನ್ನ ಖರೇತನ ನನಗ ಬ್ಯಾಡಾಗಿತ್ತು. ನಿನ್ನ ಮನಸ್ಸು ಹಗುರ ಮಾಡ್ಕೊಳ್ಳಾಕ ನನ್ನ ನೆಳ್ಳು ಕಸದಿ,” ಅಂದಳು. ಆ ಮಾತು ಒಳಗೆ ಬಂದು ಬಹಳ ದಿನ ಉಳಿಯಿತು. ಯಾವ ಔಷಧಿಯೂ ಅದನ್ನು ಕರಗಿಸಲಿಲ್ಲ.

ಏಜೆನ್ಸಿ ಹೋದ ಮೇಲೆ ಮನೆಯಲ್ಲಿ ದುಡ್ಡಿನ ಬಿಗಿ ಹಿಡಿಯಿತು. ನಾನಿರುವ ತನಕ ಅವಳು ರಕ್ತ ತೆಳುವಾಗಿಸುವ ಗುಳಿಗೆಯನ್ನು ದಿನಾ ನುಂಗಬೇಕು, ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸಬೇಕು. ಯಾರಿಗೂ ಹೇಳದೆ ಅವಳು ಪರೀಕ್ಷೆ ಬಿಟ್ಟಳು. ಆಮೇಲೆ ಗುಳಿಗೆಯನ್ನು ಅರ್ಧ ಮಾಡಿದಳು. ಹೊಳೆ ದಪ್ಪವಾಯಿತು. ನನ್ನ ಬಲಗಡೆಯ ರೆಕ್ಕೆಯ ಸಂದಿಯಲ್ಲಿ ಕೆನೆಯಂಥದೇನೋ ಕಟ್ಟತೊಡಗಿತು. ರೆಕ್ಕೆ ಮೊದಲು ತಡವರಿಸಿತು, ಆಮೇಲೆ ಅರ್ಧ ತೆರೆಯಿತು, ಒಂದು ಮಧ್ಯಾಹ್ನ ನಿಂತೇಬಿಟ್ಟಿತು. ಒಂದೇ ರೆಕ್ಕೆಯಿಂದ ಅಷ್ಟು ದೊಡ್ಡ ಬಾಗಿಲನ್ನು ಕಾಯುವುದು ಹೇಗೆ? ಕೂಗಲು ನನಗೆ ಬಾಯಿಲ್ಲ.

ಮುಂಗಟ್ಟಿನಲ್ಲಿ ಸುತ್ತಿಗೆ ನಿಂತಿತು. ಮೌನೇಶ ಒಳಗೆ ಬಂದ.

“ಸಪ್ಪಳ ಬ್ಯಾರೆ ಆಗೈತಿ,” ಅಂದ.

“ಯಾವ ಸಪ್ಪಳ?” ಅಂದಳು ಅವಳು. ಮಾತಿನ ನಡುವೆ ಉಸಿರು ತುಂಡಾಗುತ್ತಿತ್ತು.

“ನಿನ್ನೊಳಗಿಂದು. ಮೊದಲ ಚೊಕ್ಕ ಬಡೀತಿತ್ತು, ಈಗ ಮಬ್ಬು ಆಗೈತಿ. ಒಂದು ಕಡೆ ಬಡಿಯಾಕ್ಹತ್ತಿಲ್ಲ. ಏಳು, ದವಾಖಾನಿಗೆ ಹೋಗೂಣು.” ಹೇಳುತ್ತಲೇ ಅವಳ ಚೀಲದಲ್ಲಿ ಅರ್ಧರ್ಧ ಮುರಿದಿಟ್ಟ ಗುಳಿಗೆಗಳನ್ನು ಕಂಡ. ಬೈಯಲಿಲ್ಲ. ದಾರಿಯುದ್ದಕ್ಕೂ ಅವನ ಅಂಗೈ ಅವಳ ಬೆನ್ನ ಮೇಲಿತ್ತು.

ಹುಬ್ಬಳ್ಳಿಯಲ್ಲಿ ವೈದ್ಯರು ನರದೊಳಗೆ ಔಷಧಿ ಬಿಟ್ಟರು. ಒಂದು ದಿನವೆಲ್ಲ ನಾನು ಮಂಜಿನಲ್ಲಿದ್ದೆ. ಆ ಮಂಜಿನಲ್ಲಿ ಅಂಬುಜಾ ಹನ್ನೆರಡು ವರ್ಷದ ಹುಡುಗಿಯಾಗಿ, ಇಂಜೆಕ್ಷನ್ನಿಗೆ ಹೆದರಿ ಬಾವಿಕಟ್ಟೆಯ ಹಿಂದೆ ಅಡಗಿ ಕುಳಿತಂತೆ ಕಂಡಳು. ಅದು ಅವಳ ಕನಸೋ ನನ್ನದೋ ತಿಳಿಯದು. ಕಟ್ಟಿದ್ದು ಮೆಲ್ಲಗೆ ಕರಗಿತು. ರೆಕ್ಕೆ ಬಿಡಿಸಿಕೊಂಡಿತು. “ಇನ್ನ ಅರ್ಧ ತಾಸು ತಡಾ ಮಾಡಿದ್ರ ಕಷ್ಟ ಇತ್ರಿ. ಯಾರು ಗುರುತು ಹಿಡದ್ರು?” ಎಂದು ವೈದ್ಯರು ಕೇಳಿದರು. “ಕಿವಿಗೆ ಕೇಳ್ತು,” ಅಂದ ಮೌನೇಶ. ಆಮೇಲೆ ದಿನಾ ಬೆಳಿಗ್ಗೆ ಗುಳಿಗೆಯನ್ನು ಅವನೇ ಕೊಟ್ಟ, ಅವಳು ನುಂಗುವ ತನಕ ಎದುರಿಗೆ ನಿಂತ.

ಅರ್ಜಿ ತಿದ್ದಿಸಿದ ನಾಲ್ಕನೆಯ ವರ್ಷ ತುಳಜಾಬಾಯಿಗೆ ಎದೆನೋವು ಬಂದು ಆಪರೇಷನ್ನಾಯಿತು. ಕಂಪನಿ ಮಾತಿಲ್ಲದೆ ಹಣ ಕೊಟ್ಟಿತು. ಅವಳು ಗುಣವಾಗಿ ಬಂದು ಅಂಬುಜಾಳನ್ನು ತಬ್ಬಿಕೊಂಡಾಗ, ಹೊಲಿದ ಎರಡು ಎದೆಗಳು ಒಂದು ಗಳಿಗೆ ಒಂದಕ್ಕೊಂದು ಆತುಕೊಂಡವು. ತುಳಜಾಬಾಯಿಯದು ಸದ್ದಿಲ್ಲದೆ ಬಡಿಯುತ್ತಿತ್ತು.

ಅದೇ ವರ್ಷ ಮಲ್ಲೇಶಪ್ಪನಿಗೆ ಪಾರ್ಶ್ವವಾಯು ಹೊಡೆಯಿತು. ಹಳೆಯ ಬಿಪಿ ಮುಚ್ಚಿಟ್ಟಿದ್ದನೆಂದು ಕಂಪನಿ ಹಣ ಕೊಡಲಿಲ್ಲ. ಅಂಗಡಿ ಮಾರಿದರು. ಕೋಲೂರಿಕೊಂಡು ಒಂದು ದಿನ ಮನೆಗೆ ಬಂದು, ತೊದಲುತ್ತ, “ನೀ ಹೇಳಿದ್ದಿ. ನಾ ಕೇಳಲಿಲ್ಲ,” ಅಂದ.

“ಮೊದಲ ತಪ್ಪು ಬರದಾಕಿ ನಾನಽ ರೀ ಅಣ್ಣಾರ,” ಅಂದಳು ಅಂಬುಜಾ. ಇಬ್ಬರೂ ಚಹಾ ಕುಡಿದರು.

ಈಗ ನನಗೆ ಇಪ್ಪತ್ತನಾಲ್ಕು ವರ್ಷ. ಕಾಳಮ್ಮ ಇಲ್ಲ. ಪ್ರಭಾ ಕೊಪ್ಪಳದಲ್ಲಿ ಶಾಲೆ ಟೀಚರು. ನನ್ನ ಸುತ್ತ ಹೃದಯದ ಮಾಂಸ ಬೆಳೆದು ಬಿಳಿ ಅಂಚನ್ನು ತನ್ನದಾಗಿಸಿಕೊಂಡಿದೆ. ಎಲ್ಲಿಗೆ ನಾನು ಮುಗಿದು ಅವಳು ಶುರುವಾಗುತ್ತಾಳೋ ಹೇಳಲಾರೆ. ಬೆಳಗಿನ ಹೊತ್ತು ಅವಳು ಸರ್ಕಾರಿ ಆಸ್ಪತ್ರೆಯ ಕಟ್ಟೆಯ ಮೇಲೆ ಕುಳಿತು, ಕೇಳಿದವರಿಗೆ ಕಾಗದಪತ್ರ ಓದಿ ಹೇಳುತ್ತಾಳೆ. ದುಡ್ಡು ಮುಟ್ಟುವುದಿಲ್ಲ.

ಹೋದ ವಾರ ಒಬ್ಬ ಹುಡುಗಿ ಬಂದು ಪಕ್ಕದಲ್ಲಿ ಕುಳಿತಳು. ಕಾಲೇಜಿಗೆ ಹೋಗುವವಳು, ಹೆಸರು ಗಂಗಾ. ಅವಳ ಹೃದಯಕ್ಕೂ ನನ್ನಂಥದೇ ಒಂದನ್ನು ಕೂರಿಸಬೇಕಂತೆ.

“ಅದು ಒಳಗ ಇದ್ರ ಹೆಂಗ ಅನಸ್ತೈತ್ರಿ ಅಮ್ಮಾ?” ಎಂದು ಕೇಳಿದಳು.

ಅಂಬುಜಾ ಅವಳ ಕೈ ಹಿಡಿದು ತನ್ನ ಎದೆಯ ಮೇಲಿಟ್ಟುಕೊಂಡಳು. ಸೀರೆಯಾಚೆ, ಮಾಂಸದಾಚೆ, ಎಲುಬಿನಾಚೆ ಬೆವರಿದ ಒಂದು ಪುಟ್ಟ ಅಂಗೈ. ಅದರ ನಾಡಿ ಹಕ್ಕಿಯಂತೆ ಹಾರುತ್ತಿತ್ತು. ನನಗೆ ಗೊತ್ತಿದ್ದ ಒಂದೇ ಕೆಲಸವನ್ನು ನಾನು ಮಾಡಿದೆ. ತೆರೆದೆ, ಮುಚ್ಚಿದೆ. ತೆರೆದೆ, ಮುಚ್ಚಿದೆ.

ಆಸ್ಪತ್ರೆಯ ಒಳಗಿನಿಂದ ಯಾರೋ ಗಂಗಾಳ ಹೆಸರು ಕೂಗಿದರು. ಅವಳು ಏಳಲಿಲ್ಲ. ಇನ್ನೊಮ್ಮೆ ಕೂಗಿದರು. “ಒಂದು ನಿಮಿಷ ತಡೀರಿ, ಬರ್ತಾಳ,” ಅಂದಳು ಅಂಬುಜಾ. ಆ ಅಂಗೈಯ ನಾಡಿ ಮೆಲ್ಲಮೆಲ್ಲಗೆ ಇಳಿಯುತ್ತ ಬಂದು, ಕೊನೆಗೆ ನನ್ನ ಜೊತೆಗೇ ಬಡಿಯತೊಡಗಿತು. ಆಮೇಲೆ ಗಂಗಾ ಎದ್ದು ಒಳಗೆ ಹೋದಳು.