ಮರಗಟ್ಟಿದ ತುಟಿ

"ತುಟಿ ದಪ್ಪ ಆದಂಗೆ ಅನ್ನಿಸ್ತಿದ್ಯಾ?"

ದಂತವೈದ್ಯೆ ಇಂಚರ ಕೇಳಿದಾಗ ಕೆಂಪರಾಜು ತಲೆಯಾಡಿಸಿದ. ತುಟಿಯ ಬಲಭಾಗ, ಅರ್ಧ ನಾಲಿಗೆ ಬೇರೆ ಯಾರದೋ ಆಗಿಬಿಟ್ಟಿದ್ದವು.

ಕೆಳದವಡೆ ಹಲ್ಲಿನ ಹುಳುಕು ನರದ ಹತ್ತಿರ ಬಂದಿತ್ತು. ಅದನ್ನು ಕೊರೆದು ತೆಗೆದು, ಹಲ್ಲಿನ ಬಣ್ಣದ್ದೇ ಫಿಲ್ಲಿಂಗ್ ತುಂಬಿ, ನೀಲಿ ಬೆಳಕು ಹಿಡಿದು ಗಟ್ಟಿ ಮಾಡಿದರು. ಬಾಯಲ್ಲಿ ಯಾವಾಗಲೂ ಸಿಹಿ ಇಟ್ಟುಕೊಂಡಿರುತ್ತೀರಾ ಎಂದು ಕೇಳಿದರು. ಪೆಪ್ಪರ್‌ಮೆಂಟು ಎಂದು ಹೇಗೋ ಹೇಳಿದ. ಕುಡಿತ ಬಿಟ್ಟಮೇಲೆ ಸಂಜೆಗಳನ್ನು ದಾಟಿಸಿದ್ದು ಅದೇ ಎಂದು ಹೇಳಲಿಲ್ಲ. ಸಿಹಿ ತಿಂದರೆ ಬಾಯಿ ಮುಕ್ಕಳಿಸಬೇಕು, ರಾತ್ರಿ ಹಲ್ಲುಜ್ಜಿಯೇ ಮಲಗಬೇಕು, ಈ ಜೋಮು ಬಿಡಲು ಎರಡು ಮೂರು ಗಂಟೆ ಬೇಕು ಎಂದರು.

ಹೊರಗೆ ಚಪ್ಪಲಿ ಮೆಟ್ಟುತ್ತಿದ್ದಾಗ ಫೋನ್ ಬಂತು. ಮಗಳು ರಮ್ಯ. ತಾಯಿಯ ಜೊತೆ ಕುಮಾರಸ್ವಾಮಿ ಲೇಔಟ್‌ನಲ್ಲಿರುವ ಅವಳು ಕರೆ ಮಾಡುವುದು ಬುಧವಾರ. ಅದಕ್ಕೆಂದೇ ಅವನು ಮಂಗಳವಾರ ಇಲ್ಲಿಗೆ ಬಂದಿದ್ದ. ಈ ಭಾನುವಾರ, ಬೇರೆಯಾದಮೇಲೆ ಮೊದಲ ಸಲ, ಅವಳು ಅವನ ಮನೆಗೆ ಊಟಕ್ಕೆ ಬರುವವಳಿದ್ದಳು.

ಕುಡಿದ ದಿನಗಳಲ್ಲಿ ಅವನು ಫೋನ್ ಎತ್ತುತ್ತಿರಲಿಲ್ಲ. ಹಾಗಾಗಿ ಈಗ ಎತ್ತಿದ.

"ಅಪ್ಪಾ, ಭಾನುವಾರ ಅಮ್ಮ ಬೇಗನೇ ಡ್ರಾಪ್ ಮಾಡ್ತಾರಂತೆ. ಹನ್ನೊಂದಕ್ಕೆ ಬರ್ಲಾ?"

ಬಾ ಎನ್ನಹೋದ. ಮಾತು ತೊದಲಿತು. ಜೊಲ್ಲು ಗಲ್ಲಕ್ಕಿಳಿಯಿತು.

ರಮ್ಯ ಕೇಳಿದಳು, "ಕುಡ್ದಿದ್ದೀಯಾ?"

ಹಲ್ಲು, ಇಂಜೆಕ್ಷನ್ ಎಂದು ಹೇಳಲು ಹೋದಷ್ಟೂ ಕೆಟ್ಟಿತು. ಒಳಗೆ ಓಡಿ, ಸ್ಪೀಕರ್ ಒತ್ತಿ, ಫೋನನ್ನು ಇಂಚರ ಅವರ ಮುಂದೆ ಹಿಡಿದು, ಮಗಳು ಎಂದು ಸನ್ನೆ ಮಾಡಿದ.

"ನಾನು ಡೆಂಟಿಸ್ಟಮ್ಮ," ಎಂದರು ಅವರು. "ನಿಮ್ಮಪ್ಪಂಗೆ ಈಗಷ್ಟೇ ಫಿಲ್ಲಿಂಗ್ ಮಾಡ್ದೆ. ಇಂಜೆಕ್ಷನ್ ಕೊಟ್ರೆ ಮಾತು ಹಂಗಾಗತ್ತೆ."

"ಆಂಟಿ, ಮುಂಚೆನೂ ಹಿಂಗೇ ಯಾರಾದ್ರೂ ಫೋನ್ ಇಸ್ಕೊಂಡು ಹೇಳ್ತಿದ್ರು. ಜ್ವರ, ಮಾತ್ರೆ ಮಂಪರು ಅಂತ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

ಇಂಚರ ಅವನ ಮುಖ ನೋಡಿದರು.

ಅವನು ವಿಡಿಯೋ ಕಾಲ್ ಮಾಡಿದ. ಟ್ಯೂಬ್‌ಲೈಟಿನ ಕೆಳಗೆ ನಿಂತು, ಬೆರಳಿನಿಂದ ಕೆನ್ನೆ ಎಳೆದು, ಬಾಯಿ ಅಗಲಿಸಿ ತೋರಿಸಿದ. ಭಾನುವಾರ ಎದುರು ಕೂತು ಉಣ್ಣುವಾಗ ಹುಳುಕು ಹಲ್ಲೆಂದು ಅವಳಿಗೆ ತಿಳಿಯದಿರಲಿ ಎಂದು ಬಣ್ಣ ಹೊಂದಿಸಿ ಹಾಕಿಸಿಕೊಂಡಿದ್ದ ಫಿಲ್ಲಿಂಗ್ ಅದು.

"ಏನೂ ಕಾಣ್ತಿಲ್ಲ. ಬಾಯ್ ಮುಚ್ಚಪ್ಪ," ಎಂದಳು. "ಭಾನುವಾರದ್ದು ಅಮ್ಮನ್ನ ಕೇಳಿ ಹೇಳ್ತೀನಿ."

ಪರದೆ ಕಪ್ಪಾಯಿತು. ಹೊರಗೆ ಕಾಯುತ್ತಿದ್ದವರನ್ನು ಇಂಚರ ಒಳಗೆ ಕರೆದರು.

ಜಯನಗರ ನಾಲ್ಕನೇ ಬ್ಲಾಕಿನ ಬಸ್ ನಿಲ್ದಾಣದಲ್ಲಿ ಕೆಂಪರಾಜು ಕೂತ. ಅವನು ಹತ್ತಬೇಕಿದ್ದ ಬನಶಂಕರಿಯ ಬಸ್ಸುಗಳು ಬಂದು ಹೋದವು. ಅವನು ಏಳಲಿಲ್ಲ. ಕರ್ಚೀಫನ್ನು ಬಾಯಿಗೆ ಅಡ್ಡ ಹಿಡಿದು ಸಣ್ಣಗೆ ಮಾತಾಡಿ ನೋಡಿದ. ಉಸಿರು ಪಕ್ಕದಿಂದ ಸೋರಿಹೋಯಿತು. ಬೀದಿದೀಪಗಳು ಹತ್ತಿಕೊಂಡ ಮೇಲೆ ತುಟಿಯ ಅಂಚಿನಲ್ಲಿ ಇರುವೆ ಹರಿದಂತಾಯಿತು, ಆಮೇಲೆ ನಾಲಿಗೆಯಲ್ಲಿ. ಇನ್ನೊಂದಷ್ಟು ಹೊತ್ತು ಕಾದ.

"ಹನ್ನೊಂದಕ್ಕೇ ಬಾ ರಮ್ಯ," ಎಂದ, ಫೋನನ್ನು ಜೇಬಿನಿಂದ ತೆಗೆಯದೆ. ಒಂದಕ್ಷರವೂ ತೊದಲಲಿಲ್ಲ.

ಪಕ್ಕದಲ್ಲಿ ಕೂತಿದ್ದ ಹೆಂಗಸು ಅವನತ್ತ ಒಮ್ಮೆ ನೋಡಿ, ತರಕಾರಿ ಚೀಲವನ್ನು ಮಡಿಲಿಗೆ ಎಳೆದುಕೊಂಡು, ಬೆಂಚಿನ ತುದಿಗೆ ಸರಿದಳು.