ಮೂವತ್ತೊಂದು ಪೆನ್ಸಿಲ್ ಚುಕ್ಕೆಗಳು

ಹದಿನಾರು ಕಾರ್ಡುಗಳ ಪೈಕಿ ಹದಿನೈದನ್ನು ಮೇಜಿನ ಮೇಲೆ ಹರಡಿದೆ. ಹದಿನಾರನೆಯದು ನನ್ನ ಅಂಗಿಯ ಜೇಬಿನಲ್ಲೇ ಉಳಿಯಿತು. ಅದರ ಒಡೆಯ ಡೆಲ್ಮರ್ ಟೆಶ್ ಎದುರಿಗೇ ಕೂತು, ಎಂಬತ್ತೊಂದರ ವಯಸ್ಸಿನಲ್ಲೂ ಕರಿದ ಚೀಸ್ ತುಂಡುಗಳನ್ನು ಕಡಲೆಕಾಯಿಯಂತೆ ಬಾಯಿಗೆ ಎಸೆದುಕೊಳ್ಳುತ್ತಿದ್ದರು.

ಆಲ್ಡರ್‌ಟನ್ನಿನ ಮೈದಾನ ಮೊಣಕಾಲುದ್ದ ಹಿಮದಡಿ ಮಲಗಿದ ಮೇಲೆ ನಮ್ಮ ಬೇಸ್‌ಬಾಲು ಗುಂಡು ಉರುಳಿಸಿ ಗೂಟ ಬೀಳಿಸುವ ಬೌಲಿಂಗ್ ಅಂಗಡಿಯ ಹಿಂದಿನ ಕೋಣೆಗೆ ಬಂದು ಕೂರುತ್ತದೆ. ಪ್ರತಿ ಆಟಗಾರನಿಗೂ ಒಂದು ಕಾರ್ಡು, ಕಾರ್ಡಿನ ತುಂಬ ಅಂಕಿಗಳ ಸಾಲು. ಮೂರು ದಾಳ ಉರುಳಿಸಬೇಕು. ಬಿದ್ದ ಅಂಕಿಯ ಎದುರು ಏನಿದೆಯೋ ಅದೇ ಅವನ ಹಣೆಬರಹ, ಹೊಡೆತ ಇಲ್ಲವೇ ಔಟು. ಅವನು ಆ ವರ್ಷ ಮೈದಾನದಲ್ಲಿ ಎಷ್ಟು ಹೊಡೆದಿದ್ದನೋ ಅಷ್ಟನ್ನೇ ಕಾರ್ಡಿನೊಳಗೆ ಬಿತ್ತಬೇಕು, ಒಂದು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ. ಹೆಸರಾಂತ ತಂಡಗಳ ಕಾರ್ಡು ಪೆಟ್ಟಿಗೆಯಲ್ಲೇ ಬರುತ್ತವೆ. ಒಂದೂರು ಮಾತ್ರ ನೆನಪಿಟ್ಟುಕೊಂಡ ತಂಡಗಳದ್ದನ್ನು ನಾವೇ ಮಾಡಿಕೊಳ್ಳಬೇಕು. ಆ ಚಳಿಗಾಲ ನಾನು ಮಾಡಿದ್ದು 1958ರ ಬಟಾಣಿ ಕಾರ್ಖಾನೆಯ ತಂಡ. ವಾರವಿಡೀ ಬಟಾಣಿಯನ್ನು, ಭಾನುವಾರ ಎದುರಾಳಿಗಳನ್ನು ಡಬ್ಬಿಗೆ ತುಂಬುತ್ತಿದ್ದವರು.

ಆಧಾರ ಒಂದೇ ಒಂದು. ಡೆಲ್ಮರ್ ಅವರ ತಂಗಿ ಆರ್ಡಿತ್ ಹದಿನೇಳರ ವಯಸ್ಸಿನಲ್ಲಿ ಚೆಂಡು ಚೆಂಡಿಗೂ ಬರೆದಿಟ್ಟ ಅಂಕಪುಸ್ತಕ. ಈಗ ಆಕೆ ಮಿಸೆಸ್ ಹೌಗೆನ್, ಮೂರನೇ ತರಗತಿಯಲ್ಲಿ ನನಗೆ ಮಗ್ಗಿ ಕಲಿಸಿದವರು. ಅಣ್ಣನ ಪಕ್ಕದಲ್ಲಿ ಕೋಟು ಕೂಡ ಬಿಚ್ಚದೆ ಕೂತಿದ್ದರು.

ಮೊದಲು ತೆಗೆದದ್ದು ಸತ್ತು ಮೂವತ್ತು ವರ್ಷವಾದ ಲೈಲ್ ಬ್ರಾಂಡ್‌ಮೈಯರನ ಕಾರ್ಡು. ಡೆಲ್ಮರ್ ದಾಳ ಉರುಳಿಸಿದರು. ನಾನು ರೇಡಿಯೋ ದನಿ ಎಳೆದೆ: "ಎತ್ತಿ ಹೊಡೆದ ಲೈಲ್... ಆಕಾಶಕ್ಕೆ ಕಾಗದ ಹಾಕಿದ ಹಾಗೆ... ವಿಳಾಸ ಸಿಗಲಿಲ್ಲ, ಅಂಚೆ ವಾಪಸ್! ಔಟ್!"

ಚೀಸ್ ತುಂಡು ಡೆಲ್ಮರ್ ಅವರ ಬಾಯಿ ತಲುಪಲಿಲ್ಲ. "ಅಯ್ಯೋ, ಲೈಲ್ ಹೀಗೇ ಕಣಯ್ಯ. ಎತ್ತಿ ಹೊಡೀಬೇಡ್ವೋ ಅಂತ ಬಡ್ಕೊಂಡ್ರೂ ಹೀಗೇ."

ಮತ್ತೆ ಉರುಳಿಸಿದರು. ಮತ್ತೆ ಎತ್ತರದ ಚೆಂಡು. ಈ ಸಲ ನನ್ನ ರೇಡಿಯೋ ಕೆಟ್ಟಿತು. ರಟ್ಟಿನ ಚೂರೊಂದು ಸತ್ತವನ ಭುಜವನ್ನು ನಮ್ಮೆದುರು ಎತ್ತಿಸುತ್ತಿತ್ತು. ಅದನ್ನು ಮಾಡಿದವನಿಗೇ ಮೈ ಜುಮ್ಮೆಂದಿತು.

"ಡೆಲ್ಮರ್ ಕಾರ್ಡೆಲ್ಲಿ?" ಅಂದ ಗಾರ್ಡಿ. ಅವನು ನಮ್ಮ ಕೂಟದ ಕಾನೂನು. ಮೂಗಿನ ದನಿಯಲ್ಲೇ ತೀರ್ಪು ಕೊಡುವವನು. "ಜೇಬಲ್ಲಿ ಮರಿ ಮಾಡಕ್ಕಿಟ್ಟಿದೀಯಾ?"

ತೆಗೆದು ಕೊಟ್ಟೆ. ಊರಿನ ಮುದುಕರೆಲ್ಲ ಡೆಲ್ಮರ್ ಟೆಶ್‌ನಂಥ ದಾಂಡಿಗ ಈ ಕೌಂಟಿಯಲ್ಲೇ ಇರಲಿಲ್ಲ ಅನ್ನುತ್ತಾರೆ. ಪುಸ್ತಕ ಹಾಗೆ ಅನ್ನುವುದಿಲ್ಲ. ನೂರ ಮೂವತ್ತಮೂರು ಸಲ ದಾಂಡು ಹಿಡಿದು ಇಪ್ಪತ್ತೆಂಟು ಹೊಡೆತ. ಸಾವಿರಕ್ಕೆ ಇನ್ನೂರ ಹನ್ನೊಂದು.

ಡೆಲ್ಮರ್ ಕನ್ನಡಕ ಸರಿಮಾಡಿಕೊಂಡರು. "ಇದ್ಯಾರದಪ್ಪಾ, ನಮ್ಮಜ್ಜಿ ಕಾರ್ಡಾ?"

"ಪುಸ್ತಕದಲ್ಲಿ ಇದ್ದಿದ್ದೇ ಕಾರ್ಡಲ್ಲಿ," ಅಂದ ಗಾರ್ಡಿ.

"ಕ್ಯೂಬಿಯಾಕ್‌ದೆಷ್ಟು?" ಡೆಲ್ಮರ್ ಕೇಳಿದರು.

"ಮುನ್ನೂರ ನಲವತ್ತೊಂದು," ಅಂದೆ.

ಅವರು ತಲೆ ಆಡಿಸಿದರು. ಆ ಆಗಸ್ಟಿನಲ್ಲಿ ದೊಡ್ಡ ತಂಡವೊಂದರ ಮನುಷ್ಯ ಆಟಗಾರರನ್ನು ಹುಡುಕಿಕೊಂಡು ಬಂದಿದ್ದ. ಪತ್ರಿಕೆಯಲ್ಲಿ ಅಚ್ಚಾದ ಈ ಅಂಕಿಗಳನ್ನು ಓದಿ ಅದೇ ತಂಡದ ಕ್ಯೂಬಿಯಾಕ್‌ನನ್ನು ಕರೆದುಕೊಂಡು ಹೋದ. ಡೆಲ್ಮರ್ ಮೂವತ್ತಾರು ವರ್ಷ ಬಟಾಣಿಯ ಜೊತೆ ಉಳಿದರು.

"ಊರೋರು ಸುಳ್ಳು ಹೇಳಿ ಹೇಳಿ ನಾನೂ ನಂಬಿಬಿಟ್ಟಿದ್ದೆ ಬಿಡಿ," ಅಂದು ಅವರು ಕಾರ್ಡನ್ನು ಬೋರಲು ಹಾಕಿದರು.

ನನಗೆ ತಡೆಯಲಾಗಲಿಲ್ಲ. "ಮಿಸೆಸ್ ಹೌಗೆನ್, ಒಂದು ಕೇಳ್ಲಾ? ಡೆಲ್ಮರ್ ಹೊಡೆದದ್ದರಲ್ಲಿ ಮೂವತ್ತೊಂದನ್ನ ನೀವು ಹೊಡೆತ ಅಂತ ಬರೀದೆ, ಎದುರು ತಂಡದವನ ತಪ್ಪು ಅಂತ ಬರೆದಿದೀರ. ಹಿಡೀಬೇಕಾದ ಚೆಂಡನ್ನ ಅವನು ಬಿಟ್ಟ ಅಂತ. ಸರಿ. ಆದ್ರೆ ಪ್ರತಿಯೊಂದರ ಪಕ್ಕ ಪೆನ್ಸಿಲಲ್ಲಿ ಒಂದು ಚುಕ್ಕೆ ಇದೆ. ಬೇರೆ ಯಾರ ಸಾಲಲ್ಲೂ ಇಲ್ಲ."

ಆಕೆ ಕೋಟಿನ ಗುಂಡಿಯನ್ನು ಒಂದೊಂದಾಗಿ ಬಿಚ್ಚತೊಡಗಿದರು.

"ಅವು ಅನುಮಾನದ್ದು," ಅಂದರು. "ಹೊಡೆತವೋ ತಪ್ಪೋ ಅಂತ ಅನುಮಾನ ಬಂದ್ರೆ ದಾಂಡಿಗನ ಕಡೆ ಬರೀಬೇಕು. ಬೇರೆಯವರಿಗೆಲ್ಲ ಬರೆದೆ. ಇವನಿಗೆ ಬರೀಲಿಲ್ಲ. ಮೊದಲನೇ ಆಟದಲ್ಲೇ ಕ್ಯೂಬಿಯಾಕ್‌ನ ತಾಯಿ ಬೆಂಚಿಂದ ಕೂಗಿದ್ಲು, 'ತಂಗಿ ಕೂತವಳೆ, ಅಣ್ಣಂಗೆ ಹೊಡೆತ ಬಡಿಸ್ತಾಳೆ ನೋಡ್ತಿರಿ' ಅಂತ. ನನಗೆ ಹದಿನೇಳು ವರ್ಷ ಕಣಪ್ಪಾ."

ಡೆಲ್ಮರ್ ತಂಗಿಯ ಕಡೆ ತಿರುಗಿದರು. "ಆರ್ಡಿತ್. ಮೂವತ್ತೊಂದಾ?"

"ಮೂವತ್ತೊಂದು."

"ಅರವತ್ತೊಂದು ವರ್ಷ ಬಾಯಿ ಬಿಡ್ಲಿಲ್ಲವಲ್ಲೇ!"

"ನೀನು ಅರವತ್ತೊಂದು ವರ್ಷ ಬಾಯಿ ಮುಚ್ಚಿದ್ರೆ ತಾನೇ."

ಗಾರ್ಡಿ ಗಂಟಲು ಸರಿಪಡಿಸಿಕೊಂಡ. ಈ ಸಲ ಅವನ ಮೂಗಿನ ದನಿ ಮೆತ್ತಗಾಗಿತ್ತು. "ನಿಯಮ ಏನಂದ್ರೆ, ಪುಸ್ತಕವನ್ನ ಬರೆದವರು ತಿದ್ದಬಹುದು. ಬರೆದವರು ಮಾತ್ರ."

ಪುಸ್ತಕ ಮಿಸೆಸ್ ಹೌಗೆನ್ ಕಡೆ ತಳ್ಳಿದೆ. ಅವರು ತೆರೆಯಲಿಲ್ಲ. "ತಾರೀಕು ಹೇಳು ಸಾಕು, ಆಗಿನ ಅನುಮಾನವನ್ನ ಒಂದೊಂದಾಗಿ ಈಗ ತೀರಿಸ್ತೀನಿ," ಅಂದು ಕಣ್ಣು ಮುಚ್ಚಿದರು.

"ಜೂನ್ ಎಂಟು, ನಾಲ್ಕನೇ ಸರದಿ."

"ಮೂರನೇ ಬೇಸ್ ಕಾಯ್ತಿದ್ದವನು ಎಡಕ್ಕೆ ಎರಡು ಹೆಜ್ಜೆ ಹಾಕಿದ, ಚೆಂಡು ಕಲ್ಲಿಗೆ ತಾಗಿ ಎಗರಿ ಅವನ ಗದ್ದಕ್ಕೆ ಹೊಡೀತು. ಯಾರೂ ಹಿಡೀತಿರಲಿಲ್ಲ. ಹೊಡೆತ."

"ಜುಲೈ ನಾಲ್ಕು, ಎರಡನೇ ಸರದಿ."

"ಮಳೆ ನಿಂತಿತ್ತು ಅಷ್ಟೇ. ಹುಲ್ಲು ಒದ್ದೆ. ಆದ್ರೂ ಚೆಂಡು ನೇರ ಹಿಡೀಬೇಕಾದವನ ಕೈಗೇ ಬಂದಿತ್ತು. ತಪ್ಪು."

ಪುಟ ನೋಡಿದೆ. ಜುಲೈ ನಾಲ್ಕರ ಶಾಯಿ ನೀರು ತಾಗಿ ಹರಡಿತ್ತು.

ಹೀಗೆ ಒಂದೊಂದಾಗಿ. ನಾನು ತಾರೀಕು ಹೇಳುವುದು, ಆಕೆ ಆ ದಿನವನ್ನೇ ಮೇಜಿಗೆ ತರುವುದು: ಗಾಳಿ ಯಾವ ಕಡೆಗಿತ್ತು, ಯಾರ ಬೂಟು ಜಾರಿತು, ಯಾರು ಸೂರ್ಯನಿಗೆ ಬೆನ್ನು ಮಾಡಿದ್ದರು. ಎಂಟು ವಾರ ಕೂತು ಅಂಕಿಗಳಿಂದ ನಾನು ಹದಿನಾರು ರಟ್ಟು ಕತ್ತರಿಸಿದ್ದೆ. ಈಕೆಯ ತಲೆಯೊಳಗೆ ಇಡೀ ಮೈದಾನ ಹುಲ್ಲು ಸಮೇತ ಇತ್ತು. ಬೌಲಿಂಗ್ ಅಂಗಡಿಯ ಹುಡುಗಿ ಕಾಫಿ ತಂದವಳು ಬಟ್ಟಲು ಕೈಯಲ್ಲೇ ಹಿಡಿದು ನಿಂತುಬಿಟ್ಟಳು.

ಮೂವತ್ತು ಮುಗಿದಾಗ ಹದಿನೇಳು ಹೊಡೆತ, ಹದಿಮೂರು ತಪ್ಪು. ಗಾರ್ಡಿ ಲೆಕ್ಕ ಹಾಕಿದ. "ಮುನ್ನೂರ ಮೂವತ್ತೆಂಟು!" ಅಂದವನು ತಾನೇ ನಂಬದೆ ಮತ್ತೊಮ್ಮೆ ಹಾಕಿದ. "ಉಳಿದ ಒಂದೂ ಹೊಡೆತವಾದ್ರೆ ಮುನ್ನೂರ ನಲವತ್ತಾರು. ಕ್ಯೂಬಿಯಾಕ್‌ಗಿಂತ ಮೇಲೆ. ತಂಡಕ್ಕೇ ಮೊದಲನೆಯವರು."

ಉಳಿದದ್ದು ಯಾವುದೆಂದು ಊರಿಗೆಲ್ಲ ಗೊತ್ತು. ಕೊನೆಯ ಆಟ, ಒಂಬತ್ತನೇ ಸರದಿ. ಡೆಲ್ಮರ್ ಹೊಡೆದ ಚೆಂಡಿನಿಂದ ತಂಡ ಗೆದ್ದಿತ್ತು. ಆ ಚೆಂಡಿನ ಕಥೆಯನ್ನು ಅವರ ಬಾಯಲ್ಲಿ ನಾನೇ ಐವತ್ತು ಸಲ ಕೇಳಿದ್ದೇನೆ; ಅವರ ದನಿಯಲ್ಲೇ ಒಪ್ಪಿಸಬಲ್ಲೆ.

ಮಿಸೆಸ್ ಹೌಗೆನ್ ಕಣ್ಣು ತೆರೆದು ಅಣ್ಣನನ್ನು ನೋಡಿದರು.

"ತಪ್ಪು," ಅಂದರು.

"ಮಿಸೆಸ್ ಹೌಗೆನ್," ಗಾರ್ಡಿ ಬೇಡಿಕೊಳ್ಳುವವನಂತೆ ಅಂದ, "ಅನುಮಾನ ಇದ್ರೆ ದಾಂಡಿಗನ ಕಡೆ..."

"ಇದರಲ್ಲಿ ನನಗೆ ಅನುಮಾನವೇ ಇರಲಿಲ್ಲ ಕಣಪ್ಪಾ. ಚುಕ್ಕೆ ಹಾಕಿದ್ದು ಆಸೆಗೆ."

ಎಲ್ಲರೂ ಡೆಲ್ಮರ್ ಕಡೆ ತಿರುಗಿದೆವು. ಅವರು ಬೋರಲು ಬಿದ್ದಿದ್ದ ಹಳೆಯ ಕಾರ್ಡನ್ನು ಎತ್ತಿ, ಎರಡಾಗಿ ಹರಿದು, ನನ್ನ ಕೈಗೆ ಕೊಟ್ಟರು.

"ಅವನ ಕೈಯಲ್ಲೇ ಇತ್ತು ಚೆಂಡು," ಅಂದರು. "ನಾನು ಓಡ್ತಾ ನೋಡಿದ್ದೆ. ಬಾಚಿ ಹಿಡಿದವನು ಕೈಬಿಟ್ಟ, ಪಾಪ." ಆಮೇಲೆ ತಂಗಿಯನ್ನು ಕೇಳಿದರು, ಮಗು ಕೇಳುವಂತೆ: "ಹದಿನೇಳು ಮಾತ್ರ ನಿಜವಾಗ್ಲೂ ನಂದೇ ಅಲ್ವೇನೇ?"

"ನಿಂದೇ ಕಣೋ."

"ಮುನ್ನೂರ ಮೂವತ್ತೆಂಟು," ಅಂದರು ಡೆಲ್ಮರ್, ಮೆಲ್ಲಗೆ. ಮತ್ತೊಮ್ಮೆ ಅಂದರು. ನಾನು ಹೊಸ ರಟ್ಟು ತೆಗೆದು ಅವರ ಹೆಸರು ಬರೆದೆ.