ಹಸಿರಾದ ಪಟ್ಟಿ

ನಮ್ಮ ಮನೆಯಲ್ಲಿ ಬೆಳಕು ಸರಿಯಾಗಿ ಬೀಳುವ ಕೋಣೆ ಒಂದೇ. ಅಲ್ಲಿ ಹೆಂಡತಿಯ ಹೊಲಿಗೆ ಮಿಷನ್ ಇತ್ತು. ನಾನು ಕಾದಂಬರಿ ಬರೆಯುತ್ತೇನೆಂದು ಘೋಷಿಸಿದ ಮೇಲೆ ಮಿಷನ್ ನಡುಮನೆಗೆ ಹೋಯಿತು, ನಾನು ಒಳಗೆ ಬಂದೆ. ಘೋಷಿಸುವುದು ನನ್ನ ಕಸುಬು. ಬಸ್ ನಿಲ್ದಾಣದ ಮೈಕಿನ ಮುಂದೆ ಕೂತು, ಬಾರದ ಬಸ್ಸು ಇನ್ನೇನು ಬಂದೇಬಿಟ್ಟಿತು ಎಂದು ಜನರನ್ನು ನಂಬಿಸುವುದಕ್ಕೆ ನನಗೆ ಸಂಬಳ ಕೊಡುತ್ತಾರೆ. ಮನೆಯಲ್ಲೂ ಅದೇ ಕೆಲಸ, ಸಂಬಳವಿಲ್ಲದೆ.

"ಆರು ತಿಂಗಳು," ಎಂದಳು ಹೆಂಡತಿ, ಕಚ್ಚಿಕೊಂಡಿದ್ದ ಗುಂಡುಸೂಜಿಯನ್ನು ಬಾಯಿಂದ ತೆಗೆದು. "ಮುಗಿಸಿದ್ರೆ ಕೋಣೆ ನಿಮ್ದೇ, ನಾನು ನಡುಮನೇಲೇ ಹೊಲ್ಕೋತೀನಿ. ಮುಗೀಲಿಲ್ಲ ಅಂದ್ರೆ ಮಿಷನ್ ವಾಪಸ್ ಒಳಗೆ ಬರುತ್ತೆ. ಸರೀನಾ?"

"ಮೂರೇ ತಿಂಗಳು ಸಾಕು ಕಣೇ," ಎಂದೆ.

ಅತ್ತೆ ನಮ್ಮ ಜೊತೆಗೇ ಇದ್ದಾರೆ. ಮೂವತ್ತು ವರ್ಷ ಗ್ರಂಥಾಲಯದಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಎರಡು ದಿನಕ್ಕೊಂದು ಪುಸ್ತಕ ಮುಗಿಸುವವರು. "ಕಾದಂಬರಿ ಅಂದ್ರೆ ಕಾದು ಬರಿ ಅಂತಲ್ಲ, ಅಳಿಯಂದಿರೇ. ಬೇಗ ಬರೀರಿ, ನನಗೂ ವಯಸ್ಸಾಯ್ತು," ಎಂದರು.

ಟಿಕೆಟ್ ಕೌಂಟರಿನ ಗೆಳೆಯನನ್ನು ನಾವೆಲ್ಲ ಅಪ್‌ಡೇಟು ಎಂದೇ ಕರೆಯುವುದು. ನಾನು ಘೋಷಿಸಿದ ದಿನವೇ ಅವನು ಮನೆಗೇ ಬಂದು ನನ್ನ ಕಂಪ್ಯೂಟರಿಗೆ ಕಾದಂಬರಿಕಾರರ ತಂತ್ರಾಂಶವೊಂದನ್ನು ಹಾಕಿಕೊಟ್ಟ.

"ಗುರುವೇ, ಪಾತ್ರಕ್ಕೊಂದು ಕಾರ್ಡು, ಜಾಗಕ್ಕೊಂದು ಕಾರ್ಡು, ಅಧ್ಯಾಯಕ್ಕೊಂದು ಕಾರ್ಡು. ಒಂದೊಂದಕ್ಕೂ ಬಣ್ಣ ಕೊಟ್ಟು ಎಲ್ಲಾ ತುಂಬ್ತಾ ಹೋಗು. ಕಥೆ ತಾನಾಗೇ ಬಂದು ಕೂತ್ಕೊಳ್ಳುತ್ತೆ!"

ಪರದೆಯ ತಳದಲ್ಲಿ ಒಂದು ಪಟ್ಟಿ. ಎಂಬತ್ತು ಸಾವಿರ ಪದಗಳ ಗುರಿ ಕೊಟ್ಟರೆ, ಬರೆದಂತೆಲ್ಲ ಅದು ಕೆಂಪು ಕಳೆದು ಹಸಿರಾಗುತ್ತದೆ. ಮೊದಲ ದಿನವೆಲ್ಲ ಅದು ಸೊನ್ನೆ ತೋರಿಸಿ ನನ್ನನ್ನು ಅಣಕಿಸಿತು. ಈ ಮನೆಯಲ್ಲಿ ಅಣಕಿಸುವ ಹಕ್ಕು ನನ್ನೊಬ್ಬನದೇ. ಹುಡುಕಾಡಿದಾಗ 'ಟಿಪ್ಪಣಿ, ಕಾರ್ಡುಗಳನ್ನೂ ಎಣಿಸು' ಎಂಬ ಪುಟ್ಟ ಚೌಕ ಸಿಕ್ಕಿತು. ಟಿಕ್ ಹಾಕಿದೆ. ಸೊನ್ನೆ ಹೋಗಿ ನಲವತ್ತು ಪದವಾಯಿತು. ಜೀವಕ್ಕೆ ಹಾಯೆನಿಸಿತು, ಟಿಕ್ಕನ್ನು ಮರೆತೆ.

ಪಾತ್ರದ ಕಾರ್ಡಿನಲ್ಲಿ ಇಪ್ಪತ್ತೊಂಬತ್ತು ಖಾನೆಗಳು. ನಾಯಕನ ರಕ್ತದ ಗುಂಪು, ಶೂ ಅಳತೆ, ಮೊದಲು ಬಿದ್ದ ಹಾಲುಹಲ್ಲು ಎಲ್ಲವನ್ನೂ ತುಂಬಿದೆ. ಪಾತ್ರಗಳನ್ನು ಸಂದರ್ಶಿಸಿ ಎಂಬ ಸಲಹೆ ಬೇರೆ. ಮಿಮಿಕ್ರಿ ಚಟದವನಿಗೆ ಕೆಡಲು ಇನ್ನೇನು ಬೇಕು? ನಾಯಕನಿಗೆ ನಮ್ಮ ಡಿಪೋ ಮ್ಯಾನೇಜರರ ಮೂಗುದನಿ ಕೊಟ್ಟೆ, ಅವನ ಸೋದರಮಾವನಿಗೆ ಗೊರಗೊರ ಕೆಮ್ಮು ಕೊಟ್ಟೆ. ಪ್ರಶ್ನೆ ನನ್ನದೇ, ಉತ್ತರವೂ ನನ್ನದೇ.

ಒಂದು ದಿನ ಅತ್ತೆ ಬಾಗಿಲು ತಟ್ಟಿದರು. "ಒಳಗ್ಯಾರೋ ಕೆಮ್ತಿದ್ದಾರಲ್ಲ, ಕಾಫಿ ಕೊಡ್ಲಾ?"

"ಬೇಡ ಅತ್ತೆ. ಅವರು ಮೂರನೇ ಅಧ್ಯಾಯದಲ್ಲಿ ಹೋಗ್ಬಿಡ್ತಾರೆ."

"ಅಯ್ಯೋ ಪಾಪ. ಹಾಗಾದ್ರೆ ಬಿಸಿನೀರಾದ್ರೂ ಕೊಡಿ."

ಗಡುವಿನ ಕೊನೆಯ ಭಾನುವಾರ, ನಾಯಕನ ಪಕ್ಕದ ಮನೆಯ ನಾಯಿಯ ಬಾಲ್ಯವನ್ನು ತುಂಬುತ್ತಿದ್ದಾಗ, ಪಟ್ಟಿ ಈ ತುದಿಯಿಂದ ಆ ತುದಿಗೆ ಹಸಿರಾಯಿತು. ಎದ್ದು ಓಡಿದೆ.

"ಪ್ರಯಾಣಿಕರ ಗಮನಕ್ಕೆ! ಬಹುಕಾಲದಿಂದ ನಿರೀಕ್ಷಿಸಲಾಗುತ್ತಿದ್ದ ಕಾದಂಬರಿಯು ಈಗ ನಿಲ್ದಾಣಕ್ಕೆ ಆಗಮಿಸಿದೆ!"

ಮಿಷನ್ ಗಕ್ಕನೆ ನಿಂತಿತು. "ನಿಜವಾಗ್ಲೂ?" ಎಂದವಳ ಮುಖ ಊರಗಲವಾಯಿತು. ತೋಳಿನ ಅಳತೆ ಕೊಡಲು ಬಂದಿದ್ದ ಗಿರಾಕಿಗೆ, "ನಮ್ಮೋರು ಪುಸ್ತಕ ಮುಗಿಸಿದ್ರು," ಎಂದಳು, ಅವರು ಕೇಳದಿದ್ದರೂ.

ಒಳಗೆ ಹೋಗಿ 'ಹಸ್ತಪ್ರತಿ ಮುದ್ರಿಸು' ಒತ್ತಿದೆ. ನಾಲ್ಕು ಹಾಳೆ ಬಂದು ಪ್ರಿಂಟರು ಸುಮ್ಮನಾಯಿತು. ಅದರ ಬೆನ್ನು ತಟ್ಟಿದೆ, ಹೊಟ್ಟೆ ಬಿಚ್ಚಿ ನೋಡಿದೆ, ಕೊನೆಗೆ ಅಪ್‌ಡೇಟುಗೆ ಫೋನ್ ಮಾಡಿದೆ.

"ಕಾರ್ಡೂ ಎಣಿಸು ಅಂತ ಟಿಕ್ ಹಾಕಿದ್ದೀಯಾ ನೋಡು. ಅದನ್ನ ತೆಗಿ."

ತೆಗೆದೆ. ಹಸಿರೆಲ್ಲ ಸರ್ರನೆ ಇಳಿದು ಎಡತುದಿಯಲ್ಲಿ ಒಂದು ಕೆಂಪು ಗೆರೆ ಉಳಿಯಿತು. ಸಾವಿರದ ಚಿಲ್ಲರೆ ಪದ. ಆರು ತಿಂಗಳಲ್ಲಿ ಒಂದು ಅಧ್ಯಾಯ, ಅದೂ ಅರ್ಧ. ತಂತ್ರಾಂಶವಿತ್ತು, ಕಥಾಂಶವಿರಲಿಲ್ಲ.

"ಏನ್ರೀ, ಪ್ರಿಂಟರ್ ನಿಂತೋಯ್ತಾ?" ಹೊರಗಿನಿಂದ ಹೆಂಡತಿ ಕೇಳಿದಳು.

ಆಗಲೇ ನಿಜ ಹೇಳಬಹುದಿತ್ತು. ಆದರೆ ಕೋಣೆಯ ಬೆಳಕು ಬಿಟ್ಟುಹೋಗಲು ಮನಸ್ಸಾಗಲಿಲ್ಲ. ಕಾರ್ಡುಗಳನ್ನೆಲ್ಲ ಮುದ್ರಿಸಿ, ಮೇಲೆ ಆ ನಾಲ್ಕು ಹಾಳೆ ಇಟ್ಟು, ದಾರ ಕಟ್ಟಿದೆ. ಮುನ್ನೂರು ಪುಟದ ಗಟ್ಟಿ ಕಂತೆ. ನಾಲ್ಕು ಪುಟ ದಾಟಿ ಯಾರು ಓದುತ್ತಾರೆ ಎಂಬುದು ನನ್ನ ಲೆಕ್ಕ. ಮನೆಯಲ್ಲಿ ಗ್ರಂಥಾಲಯದವರೊಬ್ಬರಿದ್ದಾರೆ ಎಂಬುದು ಬುದ್ಧಿವಂತನ ತಲೆಗೆ ಹೊಳೆಯಲೇ ಇಲ್ಲ.

ಅತ್ತೆ ಕನ್ನಡಕ ಒರೆಸಿಕೊಂಡು ಕೂತರು. ನಾಲ್ಕು ಪುಟ ಓದಿದರು. ಐದನೆಯದನ್ನು ಗಟ್ಟಿಯಾಗಿ ಓದಿದರು: "ರಕ್ತದ ಗುಂಪು, ಬಿ ಪಾಸಿಟಿವ್. ಶೂ ಅಳತೆ, ಎಂಟು. ಮೊದಲು ಬಿದ್ದ ಹಲ್ಲು, ಕೆಳಗಿನ ಸಾಲು, ಎಡಗಡೆ." ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಅಳಿಯಂದಿರೇ, ನಾಲ್ಕು ಪುಟದಲ್ಲಿ ಇವನು ಒಂದು ಶೂ ಲೇಸು ಕಟ್ಟಿದ್ದಾನೆ. ಇನ್ನೊಂದು ಕಾಲಿಂದು ಎರಡನೇ ಸಂಪುಟದಲ್ಲಾ?"

"ಅದು ಹೊಸ ತಂತ್ರ, ಅತ್ತೆ."

"ತಂತ್ರ ಅಲ್ಲ, ಕುತಂತ್ರ."

ಹೆಂಡತಿ ಕಂತೆ ಇಸಿದುಕೊಂಡು ಪುಟ ತಿರುವಿದಳು. ಕೂಗಾಡಿದ್ದರೆ ನಾನೂ ಅವಳದೇ ದನಿಯಲ್ಲಿ ಕೂಗಿ ನಗಿಸಿಬಿಡುತ್ತಿದ್ದೆ. ಅವಳು ಕೂಗಲಿಲ್ಲ.

"ಗಿರಾಕಿ ಬಂದು ಅಳತೆ ಕೊಟ್ಟು ಹೋಗ್ತಾರೆ ಅಂತಿಟ್ಕೊಳ್ಳಿ. ನಾನು ಆರು ತಿಂಗಳು ಅಳತೆ ಪುಸ್ತಕಕ್ಕೆ ಬಣ್ಣ ಬಳೀತಾ ಕೂತು, ಕೊನೇಗೆ 'ತಗೊಳ್ಳಿ ನಿಮ್ಮ ಕೋಟು' ಅಂತ ಆ ಪುಸ್ತಕನೇ ಕೊಟ್ರೆ?"

"ನಾಲ್ಕೇ ಪುಟ ಕಣೇ," ಎಂದೆ. "ಪಟ್ಟಿ ಹಸಿರಾದಾಗ ನಾನೂ ನಂಬಿದ್ದೆ. ಆಮೇಲಿಂದು ಮಾತ್ರ ಸುಳ್ಳು."

ಅವಳು ಎದ್ದು ಮಿಷನ್ನಿನ ಮೇಲಿದ್ದ ಬಟ್ಟೆ ತೆಗೆದಿಟ್ಟಳು. ನಾನು ಕೋಣೆಗೆ ಹೋಗಿ ಕಂಪ್ಯೂಟರನ್ನು ಹೊರಗೆ ತಂದು ಊಟದ ಮೇಜಿನ ಮೇಲಿಟ್ಟೆ. ಯಾರೂ ಹೇಳಬೇಕಾಗಲಿಲ್ಲ.

"ಒಂದು ಕೇಳ್ತೀನಿ," ಎಂದಳು. "ಅವನು ಶೂ ಹಾಕ್ಕೊಂಡು ಎಲ್ಲಿಗೆ ಹೊರಟಿದ್ದ?"

ಇಪ್ಪತ್ತೊಂಬತ್ತು ಖಾನೆಗಳನ್ನೂ ಮನಸ್ಸಿನಲ್ಲೇ ತಡಕಾಡಿದೆ. ಅದಕ್ಕೊಂದು ಖಾನೆಯೇ ಇರಲಿಲ್ಲ.

"ಗೊತ್ತಿಲ್ಲ."

"ಗೊತ್ತಾದ ದಿನ ಹೇಳಿ, ಬಟ್ಟೆ ಕತ್ತರಿಸೋ ಮೇಜಲ್ಲಿ ಒಂದು ಮೂಲೆ ಕೊಡ್ತೀನಿ. ಈಗ ಮಿಷನ್ನ ಆ ಕಡೆ ಹಿಡೀರಿ."

ಹಿಡಿದೆ. ಬಾಗಿಲಿನವರೆಗೆ ಹೋಗುವಷ್ಟರಲ್ಲಿ ಎರಡು ಸಲ ಇಳಿಸಬೇಕಾಯಿತು, ಅಷ್ಟು ಭಾರ. ಆರು ತಿಂಗಳ ಹಿಂದೆ ಇದನ್ನು ಹೊರಗೆ ಸಾಗಿಸಿದವಳು ಅವಳೊಬ್ಬಳೇ. ನಾನಾಗ ನಾಯಕನ ಕಾರ್ಡಿಗೆ ಯಾವ ಬಣ್ಣ ಒಪ್ಪುತ್ತದೆ ಎಂದು ನೋಡುತ್ತಿದ್ದೆ.